ಮಾತ್ರೆಗೂ ಒಂದೇ ಅಂಗಡಿ, ಒಂದೇ ಕಾರ್ಡು

ಸ್ಯಾನ್ ಫ್ರಾನ್ಸಿಸ್ಕೋ

ಆ ಊರಿಗೆ ಹೋಗಿಬಂದವರೆಲ್ಲ ಅಲ್ಲಿಯ ಕೆಂಪು ಸೇತುವೆಯ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ. ಆ ದಿನ ಮಂಜು ಕವಿದಿದ್ದರಿಂದ ಒಂದು ಕಂಬದ ತುದಿ ಮಾತ್ರ ಕಂಡಿತು. ಮಿಕ್ಕ ಸೇತುವೆ ಅದರ ಹಿಂದೆ ಇದೆಯೆಂದು ಅಕ್ಕ ಹೇಳಿದಳು, ನಾನು ನಂಬಿದೆ. ಅಮೆರಿಕದಲ್ಲಿ ನಾನು ಹೆಚ್ಚು ಹೊತ್ತು ನಿಂತು ನೋಡಿದ ಸ್ಥಳವೆಂದರೆ ಒಂದು ಔಷಧಿ ಅಂಗಡಿಯ ಕೌಂಟರು. ಅದರ ಎದುರು ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಮಂಡ್ಯ ಜಿಲ್ಲೆಯಲ್ಲಿ ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ನ್ಯಾಯಬೆಲೆ ಅಂಗಡಿಗಳ ಸೀಮೆಎಣ್ಣೆ ಡ್ರಮ್ಮಿಗೆ ಕೋಲು ಇಳಿಸಿ ನೋಡುವುದು, ಬೋಗಸ್ ರೇಷನ್ ಕಾರ್ಡು ಹಿಡಿಯುವುದು, ಹಿಡಿದ ಮೇಲೆ ಅವರ ಮನೆಯ ಹೆಂಗಸರಿಂದ ಶಾಪ ಹಾಕಿಸಿಕೊಳ್ಳುವುದು, ಇಷ್ಟೇ ನನ್ನ ಉದ್ಯೋಗ. ಎಲ್ಲಿ ಹೋದರೂ ಜನರ ಚೀಲದ ಮೇಲೇ ಕಣ್ಣು ಹೋಗುವುದು ನನ್ನ ಹಳೆಯ ಚಾಳಿ. ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನೇ ಒಬ್ಬ ಅಧಿಕಾರಿ ಬಿಚ್ಚಿಸಿದಾಗ ಎಂಥದೋ ಸಮಾಧಾನವಾಯಿತು. ಆತ ಹುರಿಹಿಟ್ಟಿನ ಡಬ್ಬ ಮೂಸಿ ನೋಡಿದ, ಅವರೆಕಾಳನ್ನು ಅಲ್ಲಾಡಿಸಿ ನೋಡಿದ, ಕೊನೆಗೆ ಕರಿಬೇವಿನ ಸೊಪ್ಪನ್ನು ಕಳ್ಳಮಾಲು ಹಿಡಿದವನ ಗತ್ತಿನಲ್ಲಿ ಎತ್ತಿಟ್ಟುಕೊಂಡ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಹೊರಗೆ ನನ್ನ ಅಕ್ಕ ಸರೋಜ ತಾನೇ ಕಾರು ತಂದು ಕಾಯುತ್ತಿದ್ದಳು. ಭಾವ ಓಕ್‌ಲ್ಯಾಂಡಿನ ಸರ್ಕಾರಿ ಕಚೇರಿಯೊಂದರಲ್ಲಿ ರಸ್ತೆ ಇಂಜಿನಿಯರಾಗಿ ನಿವೃತ್ತರಾದವರು. ಕಣ್ಣಿನ ಪೊರೆ ಬಲಿತ ಮೇಲೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಅರವತ್ತೇಳು ತುಂಬಿದ ಅಕ್ಕನೇ ಆ ಸಂಸಾರದ ಸಾರಥಿ. ಅವಳ ಮಗಳು ಸುಧಾ ಅಕ್ಕನ ಮನೆಯಿದ್ದ ಸ್ಯಾನ್ ರಮೋನ್ ಎಂಬ ಊರಿನಲ್ಲೇ ಎರಡು ಬೀದಿ ಆಚೆ ಇದ್ದಳು. ಸುಧಾಳ ಮಗಳು ಅನಘ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಎಂಟು ವರ್ಷದ ಹುಡುಗಿ. ಅವಳನ್ನು ದಿನಾ ಮಧ್ಯಾಹ್ನ ಸ್ಕೂಲಿನಿಂದ ಕರೆತಂದು, ನಂತರ ಈಜಿನ ಕ್ಲಾಸಿಗೆ ಬಿಡುವುದು ಅಜ್ಜಿಯ ಕೆಲಸ.

ಫ್ರೀವೇ ಎಂಬ ಅಲ್ಲಿಯ ಹೆದ್ದಾರಿ ಹತ್ತಿದ ಸ್ವಲ್ಪ ಹೊತ್ತಿಗೆ ಕಾರಿನ ಅಡಿಯಿಂದ ಗಡಗಡ ಗಡಗಡ ಎಂದು ಸದ್ದು ಬಂತು. ಚಕ್ರ ಕಳಚಿತೆಂದುಕೊಂಡು ಬಾಗಿಲು ಹಿಡಿದುಕೊಂಡೆ.

"ಏನಿಲ್ಲ ಕಣೋ ಚಂದ್ರು," ಎಂದಳು ಅಕ್ಕ. "ಗೆರೆ ಇರೋ ಕಡೆ ಸಣ್ಣ ಸಣ್ಣ ಗುಬುಟು ಕೂರಿಸಿರ್ತಾರೆ. ಗೆರೆ ದಾಟಿದ್ರೆ ಸದ್ದಾಗುತ್ತೆ."

ಹಿಂದಿನಿಂದ ಅನಘ ಚಪ್ಪಾಳೆ ತಟ್ಟಿದಳು. "ಡು ದ ಡ್ರಮ್ಸ್ ಅಗೇನ್, ಅಜ್ಜಿ!"

ನಮ್ಮಲ್ಲಿ ರಸ್ತೆಯ ಗುಂಡಿಗಳು ಇದೇ ಸೇವೆಯನ್ನು ಪುಕ್ಕಟೆಯಾಗಿ ಮಾಡುತ್ತವೆ ಎಂದು ನಾನು ಹೇಳಿದೆ. ಎಲ್ಲರೂ ನಕ್ಕೆವು. ಮನೆ ತಲುಪುವುದರೊಳಗೆ ಡ್ರಮ್ಮು ಇನ್ನೂ ಕೆಲವು ಸಲ ಬಾರಿಸಿತು.

ಸ್ಯಾನ್ ರಮೋನ್

ಅದು ಡಾಟ್‌ಕಾಮ್ ಜ್ವರ ನೆತ್ತಿಗೇರಿದ್ದ ಕಾಲ. ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂದು ಹೆದರಿಸಿದ್ದರು. ಅವು ಕೆಡಲಿಲ್ಲ. ಆ ಸಂತೋಷಕ್ಕೋ ಏನೋ, ಸ್ಯಾನ್ ರಮೋನಿನ ಜನರ ಬಾಯಲ್ಲಿ ಷೇರು ಬಿಟ್ಟರೆ ಬೇರೆ ಮಾತಿರಲಿಲ್ಲ. ಕ್ಷೌರದಂಗಡಿಯವನು ನನ್ನ ಅರ್ಧ ತಲೆ ಮುಗಿಸಿ, ನಾಯಿಯ ತಿಂಡಿಯನ್ನು ಇಂಟರ್ನೆಟ್ಟಿನಲ್ಲಿ ಮಾರುವ ಕಂಪನಿಯೊಂದರ ಭವಿಷ್ಯ ವಿವರಿಸಿದ. ನಾಯಿಗೆ ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದೆ. ಆತ ನನ್ನ ಉಳಿದ ಅರ್ಧ ತಲೆಯನ್ನು ಮಾತಿಲ್ಲದೆ ಮುಗಿಸಿದ.

ಬೆಳಿಗ್ಗೆ ನಮ್ಮ ವಾಕಿಂಗು. ಹಳೆಯ ರೈಲು ಹಳಿ ಕಿತ್ತುಹಾಕಿ ಅಲ್ಲೊಂದು ಚೆಂದದ ಕಾಲುದಾರಿ ಮಾಡಿದ್ದಾರೆ. ಅದರ ಮೇಲೆ ಮಂಡ್ಯ, ಹಾಸನ, ಮೈಸೂರು ಕಡೆಯ ಹಿರಿಯರ ತಂಡವೊಂದು ಸ್ವೆಟರು, ಮಂಕಿ ಟೋಪಿ ತೊಟ್ಟು ಸಾಗುತ್ತಿತ್ತು. ಹೆಚ್ಚಿನವರು ಮಕ್ಕಳ ಮನೆಗೆ ಆರು ತಿಂಗಳಿಗೆ ಬಂದವರು. ಅಲ್ಲಿ ನಾನು ಕಂಡ ಪದ್ಧತಿಯೊಂದನ್ನು ಯಾವ ಪ್ರವಾಸಿಯೂ ಬರೆದಂತಿಲ್ಲ. ಈ ಹಿರಿಯರು ಮಾತ್ರೆಗಳನ್ನು ಹಂಚಿಕೊಳ್ಳುತ್ತಿದ್ದರು. ನಾವು ಪಕ್ಕದ ಮನೆಗೆ ಸಾರಿನಪುಡಿ ಕೊಟ್ಟು ಹುಣಸೆಹಣ್ಣು ತರುವಷ್ಟೇ ಸಲೀಸಾಗಿ ಹಂಚಿಕೊಳ್ಳುತ್ತಿದ್ದರು.

ಅದಕ್ಕೆ ಕಾರಣವಿತ್ತು. ಆ ದೇಶದಲ್ಲಿ ಡಾಕ್ಟರ ಮನೆ ಬಾಗಿಲಿಗೆ ಹೋಗಬೇಕಾದರೆ ಇನ್ಶೂರೆನ್ಸ್ ಎಂಬ ದ್ವಾರಪಾಲಕನ ಅಪ್ಪಣೆ ಬೇಕು. ಬಂದ ನೆಂಟರಿಗೆ ಆ ಅಪ್ಪಣೆ ಸುಲಭಕ್ಕೆ ಸಿಗದು. ಹಾಗಾಗಿ ಯಾರಿಗಾದರೂ ಚೀಟಿ ಸಿಕ್ಕಿ ಮಾತ್ರೆ ಬಂದರೆ ಅದು ಊರಿನ ಆಸ್ತಿ. ಮಾತ್ರೆ ಎಸೆಯುವುದು ಅನ್ನ ಎಸೆದಷ್ಟೇ ಪಾಪ. ಮೊದಲ ದಿನವೇ ಹಾಸನದ ರಂಗಸ್ವಾಮಿಯವರು ನನ್ನ ಪಕ್ಕ ಬಂದರು.

"ಮಂಡಿ ಹೆಂಗೈತೆ ಸಾರ್?"

"ಚೆನ್ನಾಗಿದೆ."

"ಈಗ ಚೆನ್ನಾಗಿರುತ್ತೆ ಬಿಡಿ. ಇರಲಿ, ಇಟ್ಕೊಳಿ." ಜೇಬಿನಿಂದ ಕಾಗದದಲ್ಲಿ ಸುತ್ತಿದ ಎರಡು ಬಿಳಿ ಮಾತ್ರೆ ತೆಗೆದು ನನ್ನ ಅಂಗೈಗೆ ಹಾಕಿದರು. "ಹಲ್ಲು ಕೀಳಿಸಿದಾಗ ಕೊಟ್ಟಿದ್ರು. ಮಂಡಿಗೂ ಆಗುತ್ತೆ, ಸೊಂಟಕ್ಕೂ ಆಗುತ್ತೆ."

ಈ ವ್ಯವಹಾರದ ನಡುಮಧ್ಯೆ ಅಕ್ಕ ಇದ್ದಳು. ಅವಳಿಗೆ ಒಂದೂವರೆ ವರ್ಷದ ಹಿಂದೆ ಮಂಡಿಯ ಆಪರೇಷನ್ ಆಗಿತ್ತು. ತಂಡದಲ್ಲಿ ಅವಳೇ ಅರ್ಧ ಡಾಕ್ಟರು. ಯಾರಿಗೆ ಸುಸ್ತು ಎಂದರೂ ತನ್ನ ಚೀಲದಿಂದ ವಿಟಮಿನ್ ಮಾತ್ರೆ ಧಾರಾಳವಾಗಿ ಕೊಡುತ್ತಿದ್ದಳು. ಎಲ್ಲರೂ "ಸರೋಜಮ್ಮನೋರ ಕೈಗುಣ" ಎಂದು ಹೊಗಳುತ್ತಿದ್ದರು. ನಾನೂ ಹಿಗ್ಗಿದೆ. ಒಂದು ವಾರವಾಗುವಷ್ಟರಲ್ಲಿ ನನ್ನ ಹಾಳು ಇನ್ಸ್‌ಪೆಕ್ಟರ್ ಕಣ್ಣು ಇನ್ನೊಂದು ಸಂಗತಿ ಗಮನಿಸಿತು. ಅಕ್ಕ ಕೊಡುತ್ತಿದ್ದದ್ದು ವಿಟಮಿನ್ನು. ಪ್ರತಿಯಾಗಿ ಅವಳು ತೆಗೆದುಕೊಳ್ಳುತ್ತಿದ್ದದ್ದು ಮಾತ್ರ ಪ್ರತಿಸಲವೂ ನೋವಿನ ಮಾತ್ರೆ. ರಂಗಸ್ವಾಮಿಯವರು ನನಗೆ ಕೊಟ್ಟಿದ್ದ ಎರಡನ್ನೂ ಮನೆಗೆ ಹೋಗುವ ದಾರಿಯಲ್ಲೇ "ನಿನಗ್ಯಾಕೋ ಅದು" ಎಂದು ಇಸಿದುಕೊಂಡಿದ್ದಳು. ರಾಗಿ ಕೊಟ್ಟು ಸಕ್ಕರೆ ಒಯ್ಯುವ ಗಿರಾಕಿಗಳನ್ನು ನಾನು ಬಹಳ ಕಂಡಿದ್ದೇನೆ. ಆದರೆ ಇದು ಅಕ್ಕ.

ಔಷಧಿ ಅಂಗಡಿ

ಔಷಧಿ ಅಂಗಡಿ ಎಂದರೆ ನಮ್ಮ ಮೆಡಿಕಲ್ ಸ್ಟೋರ್ ಅಲ್ಲ. ಒಳಗೆ ಹೂಗುಚ್ಛ, ಚಪ್ಪಲಿ, ಐಸ್‌ಕ್ರೀಮು, ಹುಟ್ಟುಹಬ್ಬದ ಟೋಪಿ, ಸಿಗರೇಟು ಎಲ್ಲ ಇತ್ತು. ಔಷಧಿ ಮಾತ್ರ ಕೊನೆಯ ಮೂಲೆಯಲ್ಲಿ, ಗರ್ಭಗುಡಿಯಲ್ಲಿದ್ದಂತೆ ಇತ್ತು. ಸಿಗರೇಟಿನ ಸಾಲು ದಾಟಿ, ಅದರಿಂದ ಬರುವ ರೋಗಕ್ಕೆ ಮದ್ದು ಕೊಳ್ಳುವ ಅನುಕೂಲ. ಕೌಂಟರಿನ ಹಿಂದೆ ಬಿಳಿ ಕೋಟು ತೊಟ್ಟ ಹೆಂಗಸು. ಎದೆಯ ಮೇಲೆ ಗ್ರೇಸ್ ಎಂಬ ಹೆಸರಿನ ಪಟ್ಟಿ. ಅಕ್ಕ ಹೆಸರು ಹೇಳಿದಳು. ಗ್ರೇಸ್ ಕಂಪ್ಯೂಟರ್ ನೋಡಿದಳು, ಮತ್ತೆ ನೋಡಿದಳು, ಸ್ವರ ತಗ್ಗಿಸಿ ಮಾತಾಡಿದಳು.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು. ಹೋದ ಸಲ ಕೊಟ್ಟ ನೋವಿನ ಮಾತ್ರೆ ಮುಗಿಯಬೇಕಾದ ದಿನ ಇನ್ನೂ ಬಂದಿಲ್ಲ. ಪಕ್ಕದ ಊರಿನ ಇನ್ನೊಂದು ಅಂಗಡಿಯಲ್ಲಿ, ಇನ್ನೊಬ್ಬ ಡಾಕ್ಟರ ಚೀಟಿಯ ಮೇಲೆ, ಇದೇ ಮಾತ್ರೆಯನ್ನು ಅಕ್ಕ ಕೊಂಡಿರುವುದು ಇನ್ಶೂರೆನ್ಸಿನವರಿಗೆ ಗೊತ್ತಾಗಿದೆ. ವಯಸ್ಸಾದವರು ಹೀಗೆ ಮಾತ್ರೆಯ ಹಿಂದೆ ಬೀಳುವುದನ್ನು ತಡೆಯಲು ಅವರದೊಂದು ನಿಯಮವಿದೆ. ಇನ್ನು ಮುಂದೆ ಅಕ್ಕನಿಗೆ ನೋವಿನ ಮಾತ್ರೆ ಬರೆಯಲು ಒಬ್ಬರೇ ಡಾಕ್ಟರು, ಕೊಡಲು ಇದೊಂದೇ ಅಂಗಡಿ. ಹೊತ್ತಿಗೆ ಮುಂಚೆ ಸಿಗುವುದಿಲ್ಲ. ಈ ವಿಷಯವನ್ನು ಡಾಕ್ಟರುಗಳಿಗೂ ತಿಳಿಸಿದ್ದಾರೆ.

ನನಗಾದ ಆನಂದವನ್ನು ಹೇಗೆ ಹೇಳಲಿ! ಒಂದು ಕುಟುಂಬ, ಒಂದು ಕಾರ್ಡು, ಒಂದು ಅಂಗಡಿ. ಈ ತಿಂಗಳ ಪಾಲನ್ನು ಈ ತಿಂಗಳೇ ತಗೋ, ಮುಂದಿನ ತಿಂಗಳದ್ದನ್ನು ಈಗ ಕೇಳಬೇಡ. ಚಂದ್ರನ ಮೇಲೆ ಕಾಲಿಟ್ಟ ದೇಶ ಮಂಡ್ಯ ತಾಲ್ಲೂಕು ಆಫೀಸಿನ ರೂಲನ್ನು ಎತ್ತಿಕೊಂಡು ಮಾತ್ರೆಗೆ ಅಂಟಿಸಿತ್ತು.

"ಅಕ್ಕ, ಇದು ನಮ್ಮ ಇಲಾಖೆ ರೂಲು ಕಣೇ! ಹಂಗಂಗೇ ಇದೆ!" ಎಂದೆ.

ಅಕ್ಕ ನನ್ನನ್ನು ನೋಡಿದ ನೋಟವನ್ನು ನಾನು ಹಿಂದೆ ಎಷ್ಟೋ ಅಡಿಗೆಮನೆಗಳ ಬಾಗಿಲಲ್ಲಿ ಕಂಡಿದ್ದೆ, ಕಾರ್ಡು ಕಿತ್ತುಕೊಂಡು ಹೊರಡುವಾಗ.

ಮನೆಯಲ್ಲಿ ಭಾವ ಕೆಂಡವಾದರು. "ಇಷ್ಟು ವರ್ಷ ಪ್ರೀಮಿಯಂ ಕಟ್ಟಿದೀನಿ ಚಂದ್ರು. ಒಂದು ದಿನ ಲೇಟ್ ಮಾಡಿಲ್ಲ. ನನ್ನ ಹೆಂಡ್ತೀನ ಮಾತ್ರೆ ಕಳ್ಳಿ ಅಂತಾರಾ ಇವರು? ಮಂಡಿ ಕುಯ್ಸಿಕೊಂಡಿರೋಳು ಅವಳು, ನೋವಿರಲ್ವಾ? ಬಿಡಲ್ಲ, ಅಪೀಲ್ ಹಾಕ್ತೀನಿ."

ಭಾವ ಅಪೀಲು ಹಾಕುವುದರಲ್ಲಿ ಪಳಗಿದ ಕೈ. ಪಕ್ಕದ ಮನೆಯವರ ಮರದ ಎಲೆ ತಮ್ಮ ಅಂಗಳಕ್ಕೆ ಬಿದ್ದುದರ ವಿರುದ್ಧವೂ ಗೆದ್ದವರು. ಪೊರೆ ಬಂದ ಕಣ್ಣಿಗೆ ಭೂತಗನ್ನಡಿ ಹಿಡಿದು ಅಂದೇ ಟೈಪ್ ಮಾಡಲು ಕೂತರು. ನನ್ನನ್ನು ಕರೆದು, "ನೀನು ಇಲಾಖೇಲಿದ್ದವನು, ಇಂಥ ರೂಲಿನಲ್ಲಿ ತೂತು ಎಲ್ಲಿರುತ್ತೆ ಹೇಳು," ಎಂದರು. ತೂತು ಮುಚ್ಚುವವನ ಹತ್ತಿರ ತೂತು ಕೇಳುತ್ತಾರಲ್ಲ ಎನಿಸಿತು. ಆದರೂ ಹೇಳಿಕೊಟ್ಟೆ.

ಓಕ್‌ಲ್ಯಾಂಡ್

ಆಮೇಲಿನ ದಿನಗಳಲ್ಲಿ ಅಕ್ಕ ಕುಗ್ಗಿಹೋದಳು. ಬೆವರುತ್ತಿದ್ದಳು, ಅನ್ನ ಮುಟ್ಟುತ್ತಿರಲಿಲ್ಲ, ಅನಘಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದಳು. ಮಂಡಿ ಹಿಡಿದುಕೊಂಡು ನರಳುವುದನ್ನು ನೋಡಲಾಗಲಿಲ್ಲ. ರೂಲು ಎಷ್ಟೇ ಚೆನ್ನಾಗಿದ್ದರೂ ಈ ಸಲ ನಿಜವಾದ ಕಾರ್ಡುದಾರಳನ್ನೇ ಹಿಡಿದಿದೆ ಎಂದು ತೀರ್ಮಾನಿಸಿದೆ. ಸರ್ವೀಸಿನಲ್ಲಿ ಹೀಗೆ ಯಾರಾದರೂ ಕಣ್ಣೀರು ಹಾಕಿದರೆ "ಮೇಲಿನವರಿಗೆ ಅರ್ಜಿ ಕೊಡಿ" ಎನ್ನುತ್ತಿದ್ದೆ. ಅಕ್ಕನ ಕಣ್ಣೀರಿಗೆ ಆ ಮಾತು ಬಾಯಿಗೇ ಬರಲಿಲ್ಲ.

"ಓಕ್‌ಲ್ಯಾಂಡ್ ನೋಡ್ಕೊಂಡು ಬರೋಣ ಬಾ," ಎಂದಳು ಒಂದು ಬೆಳಿಗ್ಗೆ.

ಹೋದೆವು. ಬಂದರಿನ ಹತ್ತಿರ ಕಾರು ನಿಲ್ಲಿಸಿದಳು. ಹಡಗಿನಿಂದ ಪೆಟ್ಟಿಗೆ ಎತ್ತುವ ದೈತ್ಯ ಕ್ರೇನುಗಳು ಸಾಲಾಗಿ ನಿಂತಿದ್ದವು. ನಾನು ಬಾಯಿ ತೆರೆದು ನೋಡುತ್ತಿದ್ದಾಗ ಅಕ್ಕ ಮೆಲ್ಲಗೆ ವಿಷಯಕ್ಕೆ ಬಂದಳು. ಹತ್ತಿರದಲ್ಲೇ ಒಬ್ಬ ಡಾಕ್ಟರಿದ್ದಾರೆ. ಕೈಯಲ್ಲಿ ಕಾಸು ಕೊಟ್ಟರೆ ಯಾರನ್ನಾದರೂ ನೋಡುತ್ತಾರೆ. ಅವಳಿಗೆ ಗಡುವಿಗೆ ಮುಂಚೆ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ನಾನು ನನ್ನ ಮಂಡಿ ನೋವು ಎಂದು ಹೇಳಬೇಕು.

"ನನಗೆ ನೋವಿಲ್ವಲ್ಲ ಅಕ್ಕ."

"ನನಗಿದೆಯಲ್ಲ. ಯಾರದೋ ಒಬ್ಬರದು ಇದ್ರೆ ಆಯ್ತು. ಎಲ್ಲಿ, ಸ್ವಲ್ಪ ಕುಂಟು ನೋಡೋಣ."

ಅರವತ್ತೊಂದು ವರ್ಷದ ನಿವೃತ್ತ ಇನ್ಸ್‌ಪೆಕ್ಟರು ಪೆಸಿಫಿಕ್ ತೀರದಲ್ಲಿ ಕುಂಟುವ ಅಭ್ಯಾಸ ಮಾಡಿದ. "ಅಷ್ಟೊಂದು ಬೇಡ್ವೋ, ಪೋಲಿಯೋ ಅನ್ಕೋತಾರೆ," ಎಂದು ಅಕ್ಕ ತಿದ್ದಿದಳು. "ಹತ್ತಕ್ಕೆ ಎಷ್ಟು ನೋವು ಅಂತ ಕೇಳ್ತಾರೆ. ಎಂಟು ಅನ್ನು. ಹತ್ತು ಅಂದ್ರೆ ಆಸ್ಪತ್ರೆಗೆ ಸೇರಿಸ್ತಾರೆ, ಆರು ಅಂದ್ರೆ ಐಸ್ ಇಟ್ಕೋ ಅಂತಾರೆ." ಇಷ್ಟೊಂದು ನಿಖರವಾಗಿ ಇವಳಿಗೆ ಹೇಗೆ ಗೊತ್ತು ಎಂದು ಆಗಲೇ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕುಂಟುವುದರಲ್ಲಿ ಮಗ್ನನಾಗಿದ್ದೆ.

ಡಾಕ್ಟರು ಬಿಳಿಗೂದಲಿನ ಸಜ್ಜನ. ಅವರ ಕೋಣೆಯ ಗೋಡೆಯ ಮೇಲೆ ಸಾಲಾಗಿ ಮುಖಗಳ ಚಿತ್ರವಿತ್ತು. ಮೊದಲನೆಯದು ನಗುವ ಮುಖ, ಕೊನೆಯದು ಅಳುವ ಮುಖ. ನೋವು ಯಾವ ಮುಖದಂತಿದೆ ಎಂದು ತೋರಿಸಬೇಕು. ನಮ್ಮೂರಲ್ಲಿ ಡಾಕ್ಟರು ಮಂಡಿ ಒತ್ತಿ ನೋಡಿ, ನಮ್ಮ ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಇಲ್ಲಿ ನಾವೇ ಗೋಡೆಯ ಮುಖ ಆರಿಸಿಕೊಡಬೇಕು. ಅಳುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿದೆ. ಡಾಕ್ಟರು ನನ್ನ ಭುಜ ತಟ್ಟಿ, ಈ ಕಾಲದಲ್ಲಿ ಯಾರೂ ನೋವು ತಿನ್ನುತ್ತ ಬದುಕಬೇಕಾಗಿಲ್ಲ ಎಂದರು. ಬರೆದುಕೊಟ್ಟೇಬಿಟ್ಟರು. ಒಳಗೆ ಬರುವಾಗ ಎಡಗಾಲು ಕುಂಟಿದ್ದೆ. ಹೋಗುವಾಗ ಬಲಗಾಲು ಕುಂಟುತ್ತಿದೆಯೆಂದು ಬಾಗಿಲ ಬಳಿ ಅರಿವಾಯಿತು. ತಿರುಗಿ ನೋಡಿದೆ. ಡಾಕ್ಟರು ಕಂಪ್ಯೂಟರ್ ನೋಡುತ್ತಿದ್ದರು.

ಎರಡು ಬಾರಿ ಪರೀಕ್ಷಿಸದೆ ಒಂದು ಸೇರು ಅಕ್ಕಿಯನ್ನೂ ಬಿಡದ ಮನುಷ್ಯ ನಾನು. ಅಲ್ಲಿಯ ಅಂಗಡಿಯಲ್ಲಿ ನನಗೆ ಇಡೀ ಡಬ್ಬಿ ಮಾತ್ರೆಯನ್ನು ನಗುನಗುತ್ತ ಕೊಟ್ಟು, "ಶುಭದಿನ" ಎಂದು ಹಾರೈಸಿದರು. ನಿಜವಾಗಿ ಆಪರೇಷನ್ ಆದವಳಿಗೆ ಇಲ್ಲ, ಕುಂಟಲೂ ಬಾರದವನಿಗೆ ಉಂಟು.

ಕಾರಿನಲ್ಲಿ ಕೂತ ಕೂಡಲೇ ಅಕ್ಕ ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡಳು. ಇಸಿದುಕೊಂಡಳು ಎಂದು ಬರೆಯಬಹುದಿತ್ತು, ಆದರೆ ಕಸಿದುಕೊಂಡಳು. ಮುಚ್ಚಳ ತಿರುವಲು ಆಗದೆ ಹಲ್ಲಿನಿಂದ ಕಚ್ಚಿದಳು. ನೀರಿಲ್ಲದೆ ಎರಡನ್ನು ನುಂಗಿದಳು, ಸ್ವಲ್ಪ ತಡೆದು ಇನ್ನೊಂದನ್ನು ನುಂಗಿದಳು. ದೇವರ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿನ್ನುವ ನನ್ನ ಅಕ್ಕ, ಮಕ್ಕಳಿಗೆ ಬಡಿಸದೆ ಎಂದೂ ತುತ್ತೆತ್ತದ ನನ್ನ ಅಕ್ಕ, ಹಾಗೆ ತಿಂದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನನಗೆ ತುಂಬಾ ಹೆದರಿಕೆಯಾಯಿತು.

"ಸ್ಕೂಲು ಬಿಡೋ ಹೊತ್ತಾಯ್ತು," ಎಂದು ಕಾರು ಹೊರಡಿಸಿದಳು.

ಆರುನೂರ ಎಂಬತ್ತು

ಸುರಂಗ ದಾಟಿ, ಬೆಟ್ಟ ಇಳಿದು, ಆರುನೂರ ಎಂಬತ್ತನೆಯ ನಂಬರಿನ ಫ್ರೀವೇಗೆ ತಿರುಗಿದೆವು. ಅಕ್ಕನ ಮುಖ ಸಡಿಲವಾಗಿತ್ತು. ನಮ್ಮ ಅಪ್ಪನ ಬಗ್ಗೆ ಏನೋ ಹೇಳುತ್ತಿದ್ದವಳು ಮಾತಿನ ನಡುವೆ ನಿಲ್ಲಿಸಿದಳು. ಗಡಗಡ ಸದ್ದು ಶುರುವಾಯಿತು. ನಿಲ್ಲಲಿಲ್ಲ. ನಾನು ತಿರುಗಿ ನೋಡಿದೆ. ಅಕ್ಕನ ಗಲ್ಲ ಎದೆಗೆ ತಾಗಿತ್ತು.

ಪಕ್ಕದ ಸಾಲಿನಲ್ಲಿ ಮನೆಯಷ್ಟೆತ್ತರದ ಲಾರಿ. ಅದು ಹಾರ್ನ್ ಒತ್ತಿದ ಸದ್ದು ನನ್ನ ಎದೆಗೇ ಹೊಡೆಯಿತು. ಡ್ರೈವಿಂಗ್ ಗೊತ್ತಿಲ್ಲದ ನಾನು "ಅಕ್ಕಾ!" ಎಂದು ಕಿರುಚಿ ಸ್ಟೀರಿಂಗನ್ನು ನನ್ನ ಕಡೆಗೆ ಎಳೆದೆ. ಅಕ್ಕ ಎಚ್ಚೆತ್ತಳು. ಕಾರು ಒಮ್ಮೆ ಓಲಾಡಿ, ಮತ್ತೆ ಸಾಲಿಗೆ ಬಂತು. ಡ್ಯಾನ್‌ವಿಲ್ ಎಂಬ ಊರಿನ ಕಡೆಗೆ ಇಳಿದು, ಯಾವುದೋ ಬೇಕರಿಯ ಮುಂದೆ ನಿಲ್ಲಿಸುವವರೆಗೂ ನಾನು ಸ್ಟೀರಿಂಗ್ ಬಿಡಲಿಲ್ಲ. ಬೀಗದ ಕೈ ಕಿತ್ತುಕೊಂಡೆ. ಡಬ್ಬಿಯನ್ನೂ ಕಿತ್ತುಕೊಂಡೆ.

ಆಗ ನನಗೆ ಅನಘಳ ಮೊದಲ ದಿನದ ಚಪ್ಪಾಳೆ ಕಿವಿಯಲ್ಲಿ ಕೇಳಿಸಿತು. ಮಗು ದಿನಾ ಆ ಡ್ರಮ್ಮು ಕೇಳಿಕೊಂಡೇ ಈಜಿಗೆ ಹೋಗುತ್ತಿದ್ದಳು.

"ಎಷ್ಟು ದಿನದಿಂದ?" ಎಂದೆ. ಸಿಟ್ಟೂ ಇತ್ತು, ಅಳುವೂ ಇತ್ತು.

ಅಕ್ಕ ಸ್ವೆಟರಿನ ತೋಳಿನಿಂದ ಮುಖ ಮುಚ್ಚಿಕೊಂಡಳು. "ಮಂಡಿ ನೋವಿಲ್ಲ ಕಣೋ. ಅದು ಹೋದ ವರ್ಷಾನೇ ಹೋಯ್ತು."

"ಮತ್ತೆ?"

"ತಗೊಳ್ದಿದ್ರೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತೆ. ಬೆವರು, ನಡುಕ. ತಗೊಂಡ್ರೆ ಎಲ್ಲ ಸರಿ ಇರುತ್ತೆ. ಬಿಡ್ಬೇಕು ಬಿಡ್ಬೇಕು ಅಂತಾನೇ... ಆ ಹುಡುಗಿ ಗ್ರೇಸು ಆಗಲ್ಲ ಅಂದಾಗ ನನಗೆ ಎಷ್ಟು ಕೋಪ ಬಂತೋ ಅಷ್ಟೇ ಸಮಾಧಾನಾನೂ ಆಯ್ತು ಕಣೋ ಚಂದ್ರು. ಸದ್ಯ, ಯಾರೋ ಹಿಡಿದ್ರಲ್ಲ ಅಂತ. ಆಮೇಲೆ ತಡ್ಕೊಳ್ಳಕ್ಕಾಗ್ಲಿಲ್ಲ."

"ಮಗು ಕಾರಲ್ಲಿರ್ತಾಳಲ್ಲ ಅಕ್ಕ."

ಸ್ವಲ್ಪ ಹೊತ್ತಿಗೆ ನಿದ್ದೆ ಅವಳನ್ನು ಪೂರ್ತಿ ಎಳೆದುಕೊಂಡಿತು. ನಾನು ಬೇಕರಿಯ ಪಕ್ಕದ ಬೂತಿನಿಂದ ಭಾವನಿಗೆ ಫೋನ್ ಮಾಡಿ, ಮಗುವನ್ನು ಕರೆತರಬೇಕೆಂದೆ. ಸ್ಕೂಲು ಅವರ ಮನೆಯಿಂದ ಕೂಗಳತೆ. ಅಮೆರಿಕದಲ್ಲಿ ಕೂಗಳತೆಗೂ ಕಾರು ಬೇಕು. ಭಾವ ಅಷ್ಟು ವರ್ಷದಲ್ಲಿ ಮೊದಲ ಸಲ ಕೋಲೂರಿಕೊಂಡು ಅಲ್ಲಿಗೆ ನಡೆದುಹೋದರಂತೆ. ನಾನು ಕಾರಿನ ಪಕ್ಕ ನಿಂತು ಅಕ್ಕನ ಉಸಿರು ನೋಡುತ್ತಿದ್ದೆ. ಆಗಾಗ ಬಾಗಿಲು ತೆರೆದು ಅವಳನ್ನು ಅಲ್ಲಾಡಿಸಿ, ಹೆಸರು ಹಿಡಿದು ಕೂಗಿ, "ಹ್ಞೂಂ" ಎನ್ನಿಸಿಕೊಂಡೆ. ಬೇಕರಿಯವನು ಹೊರಬಂದು, ಸಹಾಯ ಬೇಕೇ ಎಂದ. ಬೇಡ ಎಂದೆ. ಬೇಕಿತ್ತು ಎಂದು ಈಗ ಅನಿಸುತ್ತದೆ. ಭಾವ ಫೋನ್ ಮಾಡಿ ಹೇಳಿದ್ದರಿಂದ ಸುಧಾ ಆಫೀಸಿನಿಂದ ಬಂದು ನಮ್ಮನ್ನು ಕರೆದುಕೊಂಡು ಹೋದಳು. ದಾರಿಯಲ್ಲಿ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಳ್ಳುತ್ತಲೇ ಕಾರು ಓಡಿಸಿದಳು. ಮಾರನೆಯ ದಿನದಿಂದ ಮಗುವಿಗೆ ಡೇಕೇರು ಗೊತ್ತುಮಾಡಿದಳು.

ಮನೆಯಲ್ಲಿ ಅನಘ ಊಟದ ಮೇಜಿನ ಮೇಲೆ ಎರಡು ಚಮಚದಿಂದ ಗಡಗಡ ಬಾರಿಸುತ್ತಿದ್ದಳು. ಅಜ್ಜಿ ಕಾರು ಹೇಗೆ ಓಡಿಸುತ್ತಾಳೆಂದು ಅಜ್ಜನಿಗೆ ತೋರಿಸುತ್ತಿದ್ದಳು. ಭಾವ ಎದುರಿಗೆ ಕೂತು ಕೇಳುತ್ತಿದ್ದರು. ಅದೇ ಗೆರೆ, ಅದೇ ಗುಬುಟುಗಳನ್ನು ಹಾಕಿಸಿದ ಇಂಜಿನಿಯರು. ಸದ್ದಿನ ಅರ್ಥವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಇನ್ಶೂರೆನ್ಸಿನವರು ಫೋನ್ ಮಾಡಿದ್ರು ಚಂದ್ರು," ಎಂದರು ನೆಲ ನೋಡುತ್ತ. "ಅಪೀಲು ಗೆದ್ದಿದೀನಿ. ತಪ್ಪಾಯ್ತು ಅಂದ್ರು. ನಿಮ್ಮ ಹೆಂಡ್ತಿ ಯಾವ ಡಾಕ್ಟರ ಹತ್ರ ಬೇಕಾದ್ರೂ, ಯಾವ ಅಂಗಡೀಲಿ ಬೇಕಾದ್ರೂ ತಗೋಬಹುದು ಅಂದ್ರು."

ಮತ್ತೆ ಅದೇ ಕೌಂಟರು

ಮಾರನೆಯ ದಿನ ಅಕ್ಕ ತಾನೇ ಇನ್ಶೂರೆನ್ಸಿಗೆ ಫೋನ್ ಮಾಡಿದಳು. ಬಹಳ ಹೊತ್ತು ಕಾಯಿಸಿ, ಫೋನಿನಲ್ಲೇ ಪಿಟೀಲು ಕೇಳಿಸಿದ ಮೇಲೆ ಒಂದು ಸವಿದನಿ ಬಂತು. ತೆಗೆದ ಕಟ್ಟನ್ನು ಮತ್ತೆ ಹಾಕಿ, ನನ್ನನ್ನು ಒಬ್ಬರೇ ಡಾಕ್ಟರಿಗೆ, ಒಂದೇ ಅಂಗಡಿಗೆ ಕಟ್ಟಿಹಾಕಿ ಎಂದು ಅಕ್ಕ ಕೇಳಿಕೊಂಡಳು. ಸವಿದನಿ ಗೊಂದಲಕ್ಕೆ ಬಿತ್ತು. ಮೇಲಿನವರನ್ನು ಕೇಳಿ ಬಂದು, ಕ್ಷಮಿಸಿ, ತಾವಾಗಿ ಕೇಳುವವರಿಗೆ ಆ ನಿಯಮ ಅನ್ವಯಿಸಲು ಅವಕಾಶವಿಲ್ಲ ಎಂದಿತು. ಅದು ಬೇಕಾದರೆ ಮತ್ತೆ ಹಲವು ಕಡೆ ಮಾತ್ರೆ ಕೊಂಡು ಸಿಕ್ಕಿಬೀಳಬೇಕು. ನಮ್ಮ ಇಲಾಖೆಯನ್ನು ನಾನು ಇಷ್ಟು ಪ್ರೀತಿಯಿಂದ ಎಂದೂ ನೆನೆದಿರಲಿಲ್ಲ. ನಮ್ಮಲ್ಲೂ ಇದೇ ಉತ್ತರ ಬರುತ್ತಿತ್ತು, ಆದರೆ ಪಿಟೀಲು ಇರುತ್ತಿರಲಿಲ್ಲ.

ಅಕ್ಕನ ಹಳೆಯ ಡಾಕ್ಟರನ್ನು ಕಂಡು ಎಲ್ಲ ಹೇಳಿದೆವು. ಓಕ್‌ಲ್ಯಾಂಡಿನ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ನನ್ನ ಕುಂಟಿನ ಕಥೆಯನ್ನೂ ಒಪ್ಪಿಸಿದೆ. ಅವರು ಬೈಯಲಿಲ್ಲ. ಒಮ್ಮೆಗೇ ನಿಲ್ಲಿಸುವುದು ಅಪಾಯ, ನಿಧಾನವಾಗಿ ಇಳಿಸೋಣ, ಒಂದು ವಾರದ್ದನ್ನು ಮಾತ್ರ ಬರೆಯುತ್ತೇನೆ, ವಾರವಾರವೂ ಕಡಿಮೆ ಮಾಡುತ್ತೇನೆ ಎಂದರು. ಆದರೆ ಬೇರೆ ಕಡೆ ಕೊಳ್ಳುವುದನ್ನು ತಡೆಯಲು ತಮ್ಮ ಕೈಯಲ್ಲಿ ಏನೂ ಇಲ್ಲವೆಂದೂ ಹೇಳಿದರು.

ಔಷಧಿ ಅಂಗಡಿಗೆ ಬಸ್ಸಿನಲ್ಲಿ ಹೋದೆವು. ಸ್ಯಾನ್ ರಮೋನಿನಲ್ಲಿ ಬಸ್ಸು ಇದೆಯೆಂಬುದು ಅಕ್ಕನಿಗೂ ಭಾವನಿಗೂ ಹೊಸ ಸುದ್ದಿ. ಇಡೀ ಬಸ್ಸಿಗೆ ನಾವು ಮೂವರೇ. ಡ್ರೈವರು ನಮ್ಮನ್ನು ಮದುವೆ ದಿಬ್ಬಣದಂತೆ ಮರ್ಯಾದೆಯಿಂದ ಇಳಿಸಿದ.

ಸಾಲಿನಲ್ಲಿ ನಮ್ಮ ಹಿಂದೆ ಜನ ನಿಂತಿದ್ದರು. ವಾಕಿಂಗಿನ ರಂಗಸ್ವಾಮಿಯವರೂ ಮಗಳ ಜೊತೆ ನಿಂತಿದ್ದರು. ಭಾವ ಅವರನ್ನು ಕಂಡು ಮುಖ ತಿರುಗಿಸಿದರು. ಅಕ್ಕ ತಿರುಗಿಸಲಿಲ್ಲ. ಕೌಂಟರಿಗೆ ಕೈಯೂರಿ, ತನ್ನ ಮಂಡ್ಯದ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಗ್ರೇಸ್, ನನಗೆ ಮಾತ್ರೆ ಚಟ ಇದೆ. ಇದೊಂದು ಚೀಟಿ ಬಿಟ್ಟು ಬೇರೆ ಯಾವ ಚೀಟಿ ತಂದ್ರೂ ಕೊಡಬೇಡ. ಅತ್ತರೂ ಕೊಡಬೇಡ."

ಗ್ರೇಸ್ ಕಂಪ್ಯೂಟರ್ ಕಡೆ ನೋಡಿದಳು. ಈಗ ಅದು ತಡೆಯುವುದಿಲ್ಲವಲ್ಲ ಎಂದಳು.

"ಅದು ಬೇಡ. ನೀನು ತಡಿ."

ಭಾವ ನನ್ನ ಭುಜ ಬಿಟ್ಟು ಮುಂದೆ ಬಂದರು. ಕೋಲು ಕೌಂಟರಿಗೆ ತಾಗಿ ಸದ್ದಾಯಿತು. "ನಾನು ಇವಳ ಗಂಡ," ಎಂದರು. "ನಾನು ಬಂದು ಕೇಳಿದ್ರೂ ಕೊಡಬೇಡಿ. ಗಲಾಟೆ ಮಾಡಿದ್ರೂ, ಅಪೀಲ್ ಹಾಕ್ತೀನಿ ಅಂದ್ರೂ ಕೊಡಬೇಡಿ."

ಗ್ರೇಸ್ ಒಂದು ಹಳದಿ ಚೀಟಿಯ ಮೇಲೆ ಪೆನ್ನಿನಲ್ಲಿ ಏನೋ ಬರೆದು ಕಂಪ್ಯೂಟರಿನ ಹಣೆಗೆ ಅಂಟಿಸಿದಳು. ಪಕ್ಕದ ಊರಿನ ಅಂಗಡಿಗೂ ತಾನೇ ಫೋನ್ ಮಾಡಿ ಹೇಳುತ್ತೇನೆಂದಳು. ಹಿಂದೆ ನಿಂತಿದ್ದ ರಂಗಸ್ವಾಮಿಯವರು ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿ, ಏನನ್ನೋ ಮುಷ್ಟಿಯಲ್ಲಿ ಹಿಡಿದು, ಕೌಂಟರಿನ ಪಕ್ಕದ ಕಸದ ಬುಟ್ಟಿ ತೋರಿಸಿ 'ಇದನ್ನ ಇಲ್ಲಿ ಹಾಕಬಹುದಾ' ಎಂದು ಮಗಳನ್ನು ಕೇಳುತ್ತಿದ್ದರು.

ಆಮೇಲೆ ನಾನು ಅಲ್ಲಿ ಇದ್ದಷ್ಟು ದಿನವೂ ವಾರಕ್ಕೊಮ್ಮೆ ಆ ಸಾಲಿನಲ್ಲಿ ಅಕ್ಕನ ಜೊತೆ ನಿಂತೆ. ಅವಳಿಗೆ ಸುಲಭವಾಗಿರಲಿಲ್ಲ. ಕೆಲವು ದಿನ ಭಾವನನ್ನೂ ನನ್ನನ್ನೂ ಬಾಯಿಗೆ ಬಂದಂತೆ ಬೈದಳು. ಇಲಾಖೆಯಲ್ಲಿ ತಿಂದ ಶಾಪ ಅದರ ಮುಂದೆ ಆಶೀರ್ವಾದ. ನಾನು ಊರಿಗೆ ಹೊರಡುವ ಹಿಂದಿನ ವಾರ ಗ್ರೇಸ್ ಪೊಟ್ಟಣ ಕೊಟ್ಟಾಗ ಅಕ್ಕ ಅಲ್ಲೇ ನಿಂತು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಇಣುಕಿ ನೋಡಿದಳು.

"ಹೋದ ಸಲಕ್ಕಿಂತ ಕಡಿಮೆ ಕೊಟ್ಟಿದ್ದಾಳೆ ಅಲ್ವೇನೋ?"

"ಕಡಿಮೆ ಇದೆ ಅಕ್ಕ."

ಇನ್ನೊಮ್ಮೆ ನೋಡಿದಳು. ಮುಚ್ಚಳ ಹಾಕಿ ಡಬ್ಬಿಯನ್ನು ಭಾವನ ಕೈಗೆ ಕೊಟ್ಟಳು.

"ಸದ್ಯ. ನಡೀರಿ, ಬಸ್ಸು ಹೋಗ್ಬಿಡುತ್ತೆ."